ಒಂದು ಪಿನ್ನಿನ ಋಣ

ಸಭೆಯೊಂದರಲ್ಲಿ ನಾಲ್ಕು ಮಾತಾಡಲು ಒಪ್ಪಿಕೊಂಡು, ಅದಕ್ಕಾಗಿ ಮೂರು ರಾತ್ರಿ ಕೂತು ಟಿಪ್ಪಣಿ ಮಾಡಿಕೊಂಡು, ಇಸ್ತ್ರಿ ಮಾಡಿದ ಹೊಸ ಅಂಗಿ ತೊಟ್ಟು ಹೋಗಿದ್ದೆ. ನನ್ನ ಸರದಿಗೆ ಇನ್ನು ಐದು ನಿಮಿಷವಿದೆ ಎನ್ನುವಾಗ ಅಂಗಿಯ ಹೊಟ್ಟೆಯ ಭಾಗದ ಗುಂಡಿ, ಯಾವ ಮುನ್ಸೂಚನೆಯನ್ನೂ ಕೊಡದೆ, ಟಪ್ಪೆಂದು ಕಿತ್ತು ಬಂದು ಕುರ್ಚಿಗಳ ಸಾಲಿನ ಕೆಳಗೆ ಎಲ್ಲೋ ಉರುಳಿಹೋಯಿತು. ಆ ಭಾಗದ ಗುಂಡಿಯೇ ಮೊದಲು ಏಕೆ ಕೀಳುತ್ತದೆ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿದೆ, ಆದರೆ ಅದು ಈ ಪ್ರಬಂಧದ ವಿಷಯವಲ್ಲ. ಟಿಪ್ಪಣಿಯ ಹಾಳೆಗಳನ್ನು ಆ ಜಾಗಕ್ಕೆ ಅಡ್ಡ ಹಿಡಿದರೆ ಓದುವುದು ಹೇಗೆ, ಓದಲೆಂದು ಮೇಲೆತ್ತಿದರೆ ಸಭೆಯ ಕಣ್ಣು ಎಲ್ಲಿಗೆ ಹೋದೀತು ಎಂದು ಲೆಕ್ಕ ಹಾಕುತ್ತಾ ಕೂತಿದ್ದಾಗ, ಪಕ್ಕದ ಕುರ್ಚಿಯಲ್ಲಿದ್ದ ನಡುವಯಸ್ಸಿನ ಹೆಂಗಸೊಬ್ಬರು ತಮ್ಮ ಕೈಚೀಲದ ಒಳಪದರಕ್ಕೆ ಚುಚ್ಚಿಟ್ಟಿದ್ದ ಪಿನ್ನೊಂದನ್ನು ಬಿಚ್ಚಿ ಅಂಗೈಯಲ್ಲಿಟ್ಟು ನನ್ನತ್ತ ಚಾಚಿದರು. ನನ್ನ ಪರಿಚಯ ಅವರಿಗಿರಲಿಲ್ಲ, ಅವರ ಪರಿಚಯ ನನಗಿರಲಿಲ್ಲ. ಮುಖ ಮಾತ್ರ ವೇದಿಕೆಯ ಕಡೆಗೇ ಇತ್ತು, ಅಲ್ಲಿ ನಡೆಯುತ್ತಿದ್ದ ಭಾಷಣವನ್ನು ಬಿಟ್ಟು ಬೇರೇನೂ ತಮಗೆ ಕಾಣುತ್ತಿಲ್ಲ ಎನ್ನುವ ಹಾಗೆ. "ಒಳಗಿನಿಂದ ಚುಚ್ಚಿ, ಹೊರಗೆ ಕಾಣಿಸುವುದಿಲ್ಲ" ಎಂದಷ್ಟೇ ಹೇಳಿದರು.

ಆ ದಿನ ನಾನೇನು ಮಾತಾಡಿದೆನೆಂಬುದು ನನಗೇ ನೆನಪಿಲ್ಲ, ಕೇಳಿದವರಿಗೆ ಇರುವ ಸಂಭವವಂತೂ ಇಲ್ಲ. ಮುಗಿಸಿ ಕೆಳಗಿಳಿಯುವಷ್ಟರಲ್ಲಿ ಆ ಕುರ್ಚಿ ಖಾಲಿಯಾಗಿತ್ತು. ನನ್ನ ಭಾಷಣಕ್ಕೆ ಹೆದರಿ ಎದ್ದು ಹೋಗಿರಬೇಕು ಎಂದು ಮನೆಯವರು ಅಭಿಪ್ರಾಯಪಟ್ಟರು. ಹಿಂದಿರುಗಿಸಲು ವಿಳಾಸವಿಲ್ಲದ ಆ ಪಿನ್ನು ಅಂದಿನಿಂದ ನನ್ನ ಮೇಜಿನ ಖಾನೆಯಲ್ಲಿದೆ. ಬರೆಯಲು ಏನೂ ತೋಚದಿದ್ದಾಗ ಅದನ್ನು ತೆಗೆದು ತಿರುಗಿಸಿ ತಿರುಗಿಸಿ ನೋಡುವುದು ಒಂದು ಚಾಳಿಯಾಗಿದೆ.

ನೋಡಿದಷ್ಟೂ ಅದು ಜಾಣ ವಸ್ತು. ಮೈಯೆಲ್ಲ ಒಂದೇ ತಂತಿ. ಮಡಿಚಿದ ಕಡೆಯಲ್ಲಿ ಒಂದು ಸುತ್ತು ಸುತ್ತಿಕೊಂಡಿದೆ, ಆ ಸುತ್ತೇ ಸ್ಪ್ರಿಂಗು. ಒಂದು ತುದಿಯಲ್ಲಿ ಮೊನೆ, ಇನ್ನೊಂದು ತುದಿಯಲ್ಲಿ ಮೊನೆಯನ್ನು ಅಡಗಿಸಿಕೊಳ್ಳಲು ಪುಟ್ಟದೊಂದು ಟೊಪ್ಪಿಗೆ. ಮೊನೆಯ ಕಡ್ಡಿಯನ್ನು ಒತ್ತಿ ಟೊಪ್ಪಿಗೆಯೊಳಗೆ ಸೇರಿಸಿ ಕೈ ಬಿಟ್ಟರೆ, ಅದು ಚಿಮ್ಮಿ ಹೊರಬರಲು ನೋಡುತ್ತದೆ, ಹಾಗೆ ನೋಡುವ ಭರದಲ್ಲಿಯೇ ಟೊಪ್ಪಿಗೆಯ ಗೋಡೆಗೆ ಒತ್ತಿಕೊಂಡು ಅಲ್ಲೇ ಸಿಕ್ಕಿಬೀಳುತ್ತದೆ. ತಪ್ಪಿಸಿಕೊಳ್ಳಲು ಹವಣಿಸುವ ಬಲವೇ ಅದನ್ನು ಕಟ್ಟಿಹಾಕಿರುವ ಬಲ. ಬಟ್ಟೆಯನ್ನು ಹಿಡಿದಿಡುವ ಸುರುಳಿಪಿನ್ನುಗಳು ರೋಮನ್ನರ ಕಾಲದಲ್ಲೂ ಇದ್ದವು. ಈಗ ನಮ್ಮ ಕೈಯಲ್ಲಿರುವ, ಬೆರಳಿಗೆ ಚುಚ್ಚದ ಪಿನ್ನಿಗೆ 1849ರಲ್ಲಿ ಪೇಟೆಂಟ್ ಪಡೆದವನು ನ್ಯೂಯಾರ್ಕಿನ ವಾಲ್ಟರ್ ಹಂಟ್. ಅವನಿಗೆ 15 ಡಾಲರಿನ ಸಾಲವಿತ್ತಂತೆ. ತೀರಿಸುವ ದಾರಿ ಕಾಣದೆ ತಂತಿಯೊಂದನ್ನು ತಿರುಚುತ್ತಾ ಕೂತಿದ್ದಾಗ ಇದು ಹೊಳೆಯಿತಂತೆ. ಹಕ್ಕನ್ನು 400 ಡಾಲರಿಗೆ ಮಾರಿ ಸಾಲದಿಂದ ಪಾರಾದ. ಮುಂದೆ ಅದರಿಂದ ಲಕ್ಷಗಟ್ಟಲೆ ಗಳಿಸಿದವರು ಬೇರೆಯವರು. ಸಾಲಗಾರನೊಬ್ಬ ತನ್ನ ಋಣವನ್ನು ತೀರಿಸಿಕೊಂಡು ಉಳಿದವರನ್ನೆಲ್ಲ ಋಣದಲ್ಲಿ ಕೆಡವಿ ಹೋದ ಎಂದು ನನಗೆ ಅನ್ನಿಸುವುದುಂಟು.

'ಕೃತಜ್ಞ' ಎಂಬ ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ವಂದನೆಯೂ ಇಲ್ಲ, ಕೈ ಮುಗಿಯುವುದೂ ಇಲ್ಲ, ಗದ್ಗದ ಕಂಠವಂತೂ ಇಲ್ಲವೇ ಇಲ್ಲ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ಮಾಡಿದ್ದನ್ನು ಬಲ್ಲವನು ಕೃತಜ್ಞ, ಅಷ್ಟೇ. ಎದುರಿನ ಪದ ಕೃತಘ್ನ, ಮಾಡಿದ್ದನ್ನು ಕೊಂದವನು. ಎರಡಕ್ಕೂ ನಡುವೆ ಒಂದೇ ಒಂದು ಸಂಯುಕ್ತಾಕ್ಷರದ ಅಂತರ. ಆರನೆಯ ತರಗತಿಯಲ್ಲಿ ನಾನು ಬರೆದ ರಜೆಯ ಅರ್ಜಿಯೊಂದು ಈ ಅಂತರವನ್ನು ಲೆಕ್ಕಿಸದೆ, ರಜೆ ಮಂಜೂರು ಮಾಡಿದಲ್ಲಿ ತಮಗೆ ಸದಾ ಕೃತಘ್ನನಾಗಿರುತ್ತೇನೆ ಎಂದು ಮುಖ್ಯೋಪಾಧ್ಯಾಯರಿಗೆ ಭರವಸೆ ಕೊಟ್ಟಿತ್ತು. ಅವರು ಕೆಂಪು ಶಾಯಿಯಲ್ಲಿ ಆ ಅಕ್ಷರಕ್ಕೆ ಸುತ್ತು ಹಾಕಿ, ರಜೆಯನ್ನೂ ಕೊಟ್ಟರು.

ಮಲಗುವ ಮುನ್ನ ದಿನದ ಮೂರು ಒಳ್ಳೆಯ ಸಂಗತಿಗಳನ್ನು ಬರೆದಿಡಬೇಕು, ಅದರಿಂದ ಮನಸ್ಸು ಹಗುರಾಗುತ್ತದೆ ಎಂಬ ಸಲಹೆಯನ್ನು ನಾನೂ ಕೇಳಿ ಪಾಲಿಸಿದ್ದೇನೆ. ಮೊದಲ ರಾತ್ರಿ ಆರೋಗ್ಯ, ಕುಟುಂಬ, ಸ್ನೇಹಿತರು ಎಂದು ಬರೆದೆ. ಎರಡನೆಯ ರಾತ್ರಿ ಕುಟುಂಬ, ಸ್ನೇಹಿತರು, ಆರೋಗ್ಯ. ನಾಲ್ಕನೆಯ ರಾತ್ರಿಯ ಹೊತ್ತಿಗೆ ಮೂರು ಪದಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬ ಗಣಿತ ನನ್ನನ್ನು ಹೆಚ್ಚು ಆಕರ್ಷಿಸತೊಡಗಿತು (ಆರು ಬಗೆ, ಒಂದು ವಾರಕ್ಕೂ ಸಾಲದು). ಆ ಪಟ್ಟಿಯನ್ನು ಹೀಯಾಳಿಸುವ ಉದ್ದೇಶ ನನಗಿಲ್ಲ, ಅದರಿಂದ ನೆಮ್ಮದಿ ಕಂಡವರಿದ್ದಾರೆ. ನನ್ನ ತೊಡಕು ಬೇರೆ. ಆರೋಗ್ಯವೆಂಬ ಅಷ್ಟು ದೊಡ್ಡ ಪದದ ಮುಂದೆ ನಿಂತಾಗ ನನಗೆ ತಿಳಿದದ್ದು ಏನೂ ಇರಲಿಲ್ಲ, ತಿಳಿಯದ್ದಕ್ಕೆ ಕೃತಜ್ಞನಾಗುವುದು ಪದದ ಅರ್ಥದಲ್ಲಿಯೇ ಸಾಧ್ಯವಿಲ್ಲ. ಪಿನ್ನಿನ ವಿಷಯ ಹಾಗಲ್ಲ.

ಗುಂಡಿ ಕಿತ್ತುಹೋದ ಆ ರಾತ್ರಿ ಸೂಜಿದಾರ ಹಿಡಿದು ಕೂತಾಗ, ಕೈ ತನಗೆ ತಾನೇ ಬೆಂಕಿಪೊಟ್ಟಣವನ್ನು ಹುಡುಕಿತು. ಅದು ಅತ್ತೆ ಕಲಿಸಿದ್ದು. ನನ್ನ ಹನ್ನೆರಡನೆಯ ವಯಸ್ಸಿನಲ್ಲಿ, ರಜೆಯ ಒಂದು ಮಧ್ಯಾಹ್ನ, "ನಿನ್ನ ಗುಂಡಿ ನೀನೇ ಹೊಲಿ, ಬಾ" ಎಂದು ಕೂರಿಸಿಕೊಂಡಿದ್ದರು. ನಾನು ಗುಂಡಿಯನ್ನು ಬಟ್ಟೆಗೆ ಅಂಟಿಸಿದಂತೆ ಬಿಗಿಯಾಗಿ ಹೊಲಿದು, ಎಳೆದು ತೋರಿಸಿ, ಹೊಗಳಿಕೆಗಾಗಿ ಕಾದೆ. ಅತ್ತೆ ಒಂದು ಮಾತೂ ಆಡದೆ ಕತ್ತರಿಯಿಂದ ದಾರವನ್ನು ಕತ್ತರಿಸಿ ಗುಂಡಿಯನ್ನು ನನ್ನ ಕೈಗಿತ್ತರು. ಎರಡನೆಯ ಸಲ ಇನ್ನೂ ಬಿಗಿಯಾಗಿ ಹೊಲಿದೆ. ಕತ್ತರಿ ಮತ್ತೆ ಬಂತು. ಮೂರನೆಯ ಸಲ ನನ್ನ ಕಣ್ಣಲ್ಲಿ ನೀರಾಡಿದ್ದನ್ನು ಕಂಡ ಮೇಲೆ ಅವರು ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು ಗುಂಡಿಯ ಮೇಲೆ, ತೂತುಗಳ ನಡುವೆ ಅಡ್ಡಲಾಗಿಟ್ಟು, ದಾರವೆಲ್ಲ ಆ ಕಡ್ಡಿಯ ಮೇಲಿನಿಂದ ಹಾಯುವಂತೆ ಹೊಲಿಯಲು ಹೇಳಿದರು. ಹೊಲಿದಾದ ಮೇಲೆ ಕಡ್ಡಿಯನ್ನು ಮೆಲ್ಲನೆ ಎಳೆದರು. ಕಡ್ಡಿಯ ದಪ್ಪದಷ್ಟು ದಾರ ಸಡಿಲವಾಯಿತು, ಗುಂಡಿ ಬಟ್ಟೆಯಿಂದ ಒಂದಿಷ್ಟು ಮೇಲೆದ್ದು ನಿಂತಿತು. ಆ ಸಂದಿನಲ್ಲಿ, ಗುಂಡಿಗೂ ಬಟ್ಟೆಗೂ ನಡುವಿನ ಎಳೆಗಳ ಸುತ್ತ, ದಾರವನ್ನು ಐದಾರು ಸುತ್ತು ಸುತ್ತಿಸಿ, ಸೂಜಿಯನ್ನು ಹಿಂಬದಿಗೆ ಇಳಿಸಿ ಗಂಟು ಹಾಕಿಸಿದರು. ಗುಂಡಿಗೆ ಒಂದು ಕತ್ತು ಬಂದಿತ್ತು. "ಕಾಜದ ಪಟ್ಟಿಯೂ ಒಂದು ಬಟ್ಟೆ ತಾನೇ, ಅದು ಕೂರುವುದಕ್ಕೆ ಜಾಗ ಬೇಡವೇ ಮರಿ?" ಎಂದರು.

ಕಾಜಕ್ಕೂ ಒಂದು ಕಥೆಯಿದೆ. ಸಿಂಧೂ ಕಣಿವೆಯ ಜನರು ಚಿಪ್ಪಿನಿಂದ ಕೊರೆದ ಗುಂಡಿಗಳನ್ನು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಬಲ್ಲವರಾಗಿದ್ದರು, ಆದರೆ ಗುಂಡಿ ಬಹುಕಾಲ ಬರಿಯ ಒಡವೆಯಂತೆ ಬಟ್ಟೆಯ ಮೇಲೆ ಕೂತಿತ್ತು. ಬಟ್ಟೆಯಲ್ಲಿ ಒಂದು ಸೀಳು ಮಾಡಿ, ಅಂಚನ್ನು ದಾರದಿಂದ ಭದ್ರಪಡಿಸಿ, ಗುಂಡಿಯನ್ನು ಅದರೊಳಗೆ ತೂರಿಸುವ ಕಾಜ ಯುರೋಪಿನ ಉಡುಪುಗಳಲ್ಲಿ ಬಳಕೆಗೆ ಬಂದದ್ದು 13ನೆಯ ಶತಮಾನದಲ್ಲಿ. ಒಂದು ತೂತಿಗಾಗಿ ಗುಂಡಿ ಅಷ್ಟು ಕಾಲ ಕಾದಿತ್ತು. ಇನ್ನು ಅತ್ತೆಯ ಕೈಯಲ್ಲಿದ್ದ ಬೆಂಕಿಕಡ್ಡಿ. ಗೀರಿದರೆ ಹೊತ್ತಿಕೊಳ್ಳುವ ಕಡ್ಡಿಯನ್ನು 1827ರಲ್ಲಿ ಮಾರಾಟಕ್ಕಿಟ್ಟ ಇಂಗ್ಲೆಂಡಿನ ಔಷಧ ವ್ಯಾಪಾರಿ ಜಾನ್ ವಾಕರ್ ಅದಕ್ಕೆ ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ತನ್ನ ಕಡ್ಡಿಗೆ ಗುಂಡಿ ಹೊಲಿಯುವ ಉಪಯೋಗವೂ ಇದೆಯೆಂದು ಅವನಿಗೆ ಹೊಳೆದಿತ್ತೋ ಇಲ್ಲವೋ.

ಅತ್ತೆಯ ಮೇಲೆ ನನಗೆ ಒಂದು ವಾರ ಕೋಪವಿತ್ತು. ಬಾಯಲ್ಲಿ ಹೇಳಬಹುದಾದದ್ದನ್ನು ಕತ್ತರಿಯಿಂದ ಏಕೆ ಹೇಳಬೇಕಿತ್ತು ಎಂಬ ಆಕ್ಷೇಪ ಈಗಲೂ ಪೂರ್ತಿ ಹೋಗಿಲ್ಲ. ಆದರೆ ಅಂದು ನಾನು ಹೊಲಿದ ಗುಂಡಿ ಆ ಅಂಗಿ ಹರಿಯುವವರೆಗೂ ಅಲ್ಲಾಡಲಿಲ್ಲ. ಅಂಗಡಿಯಿಂದ ತಂದ ಅಂಗಿಯ ಗುಂಡಿಗಳನ್ನು ತೊಡುವ ಮೊದಲೇ ಒಮ್ಮೆ ಭದ್ರಪಡಿಸಿಕೊಳ್ಳಬೇಕು ಎಂದು ಅವರು ಹೇಳಿದ್ದನ್ನು ನಾನು ಪಾಲಿಸಿದ್ದರೆ ಪಿನ್ನಿನ ಪ್ರಸಂಗವೇ ಇರುತ್ತಿರಲಿಲ್ಲ, ಈ ಪ್ರಬಂಧವೂ.

ಕೆಲವು ಉಪಕಾರಗಳು ಮೂಗಿನ ಮೂಲಕ ಗೊತ್ತಾಗುತ್ತವೆ. ತಿಂಗಳೊಂದರ ಪ್ರವಾಸ ಮುಗಿಸಿ ಬಂದು ಬಾಗಿಲು ತೆರೆದರೆ ಬಚ್ಚಲಿನಿಂದ ಅಸಹ್ಯ ನಾತ ಬರುತ್ತಿತ್ತು. ಕೊಳವೆಯೊಡೆದಿದೆ, ನೆಲ ಅಗೆಸಬೇಕು ಎಂದು ಎದೆ ಗಟ್ಟಿ ಮಾಡಿಕೊಂಡು ಪ್ಲಂಬರನ್ನು ಕರೆಸಿದೆ. ಅವರು ಬಂದು ಬಗ್ಗಿ ನೋಡಿ, ಎರಡು ಮಗ್ಗು ನೀರನ್ನು ನೆಲದ ಜಾಲರಿಗೆ ಸುರಿದು, "ಆಯಿತು ಸಾರ್" ಎಂದರು. ಜಾಲರಿಯ ಕೆಳಗೆ ಬಳುಕಿದ ಟ್ರ್ಯಾಪ್ ಇರುತ್ತದೆ, ಅದರ ತಗ್ಗಿನಲ್ಲಿ ನಿಂತ ನೀರೇ ಚರಂಡಿಯ ನಾತ ಮೇಲೆ ಬಾರದಂತೆ ತಡೆಯುವ ಬಾಗಿಲು, ಬಳಸದೆ ಬಿಟ್ಟರೆ ಆ ನೀರು ಆವಿಯಾಗಿ ಬಾಗಿಲು ತೆರೆದುಕೊಳ್ಳುತ್ತದೆ ಎಂದು ವಿವರಿಸಿದರು. 1775ರಲ್ಲಿ ಲಂಡನ್ನಿನಲ್ಲಿ ಶೌಚದ ಬೋಗುಣಿಯ ಕೆಳಗೆ ಎಸ್ ಆಕಾರದ ಕೊಳವೆಯಿಟ್ಟು ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ವೃತ್ತಿಯಿಂದ ಗಡಿಯಾರ ಮಾಡುವವನು. ಮನೆಯ ಮರ್ಯಾದೆಯನ್ನು ಕಾಯುತ್ತಿರುವುದು ಒಂದು ಬೊಗಸೆ ನಿಂತ ನೀರು ಎಂದು ತಿಳಿದ ಮೇಲೆ, ಊರಿಗೆ ಹೊರಡುವಾಗ ಬೀಗ ಎಳೆದು ನೋಡುವುದರ ಜೊತೆಗೆ ಬಚ್ಚಲಿಗೆ ನೀರು ಸುರಿಯುವುದೂ ನನ್ನ ಅಭ್ಯಾಸವಾಗಿದೆ.

ಈ ಸಾಲುಗಳನ್ನು ಬರೆಯುತ್ತಿರುವಾಗ ಮೂಗಿನ ಮೇಲೆ ಕೂತಿರುವ ಕನ್ನಡಕದ ಮಾತು ಇಷ್ಟು ತಡವಾಗಿ ಬಂದದ್ದು ಅದರ ಸ್ವಭಾವಕ್ಕೆ ತಕ್ಕುದೇ ಆಗಿದೆ. ಕನ್ನಡಕದ ಮೂಲಕ ನೋಡುವವನು ಕನ್ನಡಕವನ್ನು ನೋಡುವುದಿಲ್ಲ. 1306ರಲ್ಲಿ ಫ್ಲಾರೆನ್ಸಿನ ಪಾದ್ರಿ ಜೋರ್ಡಾನೋ ದ ರಿವಾಲ್ಟೋ ತನ್ನ ಪ್ರವಚನದಲ್ಲಿ, ಕನ್ನಡಕ ಮಾಡುವ ಕಲೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷವಾಗಿಲ್ಲ, ಅದನ್ನು ಮೊದಲು ಮಾಡಿದವನನ್ನು ನಾನು ಕಂಡು ಮಾತಾಡಿಸಿದ್ದೇನೆ ಎಂದು ಹೇಳಿದ್ದಾನೆ. ಎಲ್ಲವನ್ನೂ ಹೇಳಿದವನು ಆ ಮನುಷ್ಯನ ಹೆಸರನ್ನು ಹೇಳಲಿಲ್ಲ. ಕಂಡಿದ್ದ, ಮಾತಾಡಿದ್ದ, ಹೆಸರು ನಾಲಗೆಯ ತುದಿಯಲ್ಲೇ ಇದ್ದಿರಬೇಕು. ಏಳು ಶತಮಾನಗಳಿಂದ ಲೋಕದ ಕಣ್ಣುಗಳು ಆ ಹೆಸರಿಲ್ಲದವನ ಋಣದಲ್ಲಿವೆ. ಅವನು ಮಾಡಿದ್ದು ಉಬ್ಬುಮಸೂರದ ಕನ್ನಡಕ, ಹತ್ತಿರದ್ದು ಕಾಣದೆ ಹೋದ ವಯಸ್ಸಾದವರಿಗೆ ಒದಗಿದ್ದು. ದೂರದ್ದು ಕಾಣದ ನನ್ನಂಥವರಿಗೆ ಬೇಕಾದ ತಗ್ಗುಮಸೂರ ಬರಲು 15ನೆಯ ಶತಮಾನದವರೆಗೆ ಕಾಯಬೇಕಾಯಿತು.

ನಾನು ಕಾದದ್ದು ಎರಡು ವರ್ಷ. ಕಪ್ಪುಹಲಗೆಯ ಮೇಲಿನದು ಎಲ್ಲರಿಗೂ ಬಿಳಿಯ ಮಂಜಿನಂತೆಯೇ ಕಾಣುತ್ತದೆ, ಉಳಿದವರು ಜಾಣರಾದ್ದರಿಂದ ಊಹಿಸಿ ಬರೆದುಕೊಳ್ಳುತ್ತಾರೆ ಎಂಬುದು ನನ್ನ ಆಗಿನ ತಿಳಿವಳಿಕೆ. ನನ್ನ ಎಡಗಡೆ ಕೂರುತ್ತಿದ್ದ ಹುಡುಗ ಮಿತಭಾಷಿ. ಅವನ ಪುಸ್ತಕ ಯಾವಾಗಲೂ ನನ್ನ ಕಡೆಗೆ ಓರೆಯಾಗಿರುತ್ತಿತ್ತು, ಅವನ ಅಕ್ಷರಗಳೆಲ್ಲ ಗಾಳಿಗೆ ಸಿಕ್ಕ ಪೈರಿನಂತೆ ಬಲಕ್ಕೆ ವಾಲಿರುತ್ತಿದ್ದವು. ಅದನ್ನು ನೋಡಿ ನಾನು ಬರೆದುಕೊಳ್ಳುತ್ತಿದ್ದೆ. ನೋಡಲೇ ಎಂದು ನಾನು ಕೇಳಿದ್ದಿಲ್ಲ, ನೋಡು ಎಂದು ಅವನು ಹೇಳಿದ್ದಿಲ್ಲ. ಅವನ ಬರವಣಿಗೆಯ ಧಾಟಿಯೇ ಹಾಗೆ ಎಂದುಕೊಂಡಿದ್ದೆ. ನನ್ನದಕ್ಕಿಂತ ಅಂದವೆಂದು ಒಮ್ಮೊಮ್ಮೆ ಅಸೂಯೆಯೂ ಆಗುತ್ತಿತ್ತು.

ಕೊನೆಗೊಮ್ಮೆ ಕಣ್ಣಿನ ಪರೀಕ್ಷೆಯಾಗಿ ಕನ್ನಡಕ ಬಂತು. ಹಲಗೆಯ ಮೇಲಿನ ಅಕ್ಷರಗಳಿಗೆ ಅಂಚುಗಳಿವೆ ಎಂದು ತಿಳಿಯಿತು. ಸದಾ ಸಿಡುಕುವವರೆಂದು ನಾನು ತಿಳಿದಿದ್ದ ಗಣಿತದ ಮೇಷ್ಟ್ರ ತುಟಿಯ ಕೊನೆಯಲ್ಲಿ ನಗುವಿನ ಗೆರೆಯೊಂದಿತ್ತು. ಪಕ್ಕದ ಪುಸ್ತಕವನ್ನು ನೋಡುವ ಅಗತ್ಯ ನನಗೆ ಉಳಿಯಲಿಲ್ಲ, ಆದರೆ ಅದು ಓರೆಯಾಗಿಯೇ ಇತ್ತು. ಇನ್ನು ಬೇಕಿಲ್ಲ ಎಂದು ನಾನೇಕೆ ಹೇಳಲಿಲ್ಲವೋ ತಿಳಿಯದು. ಬೇಕಾಗಿತ್ತು ಎಂಬುದನ್ನೇ ಒಪ್ಪಿಕೊಂಡಿರದಿದ್ದವನು ಬೇಕಿಲ್ಲವೆಂದು ಹೇಳುವುದಾದರೂ ಹೇಗೆ?

ಕೆಲವು ತಿಂಗಳ ನಂತರ ಜ್ವರ ಬಂದು ಮೂರು ದಿನ ಶಾಲೆಗೆ ಹೋಗಲಾಗಲಿಲ್ಲ. ತಪ್ಪಿದ ಪಾಠಗಳನ್ನು ಬರೆದುಕೊಳ್ಳಲೆಂದು ಅವನ ಪುಸ್ತಕವನ್ನು ಮನೆಗೆ ತಂದು, ದೀಪದ ಕೆಳಗೆ ತೆರೆದೆ. ಪುಟಗಳುದ್ದಕ್ಕೂ ಅಕ್ಷರಗಳು ಎಂದಿನಂತೆ ಬಲಕ್ಕೆ ವಾಲಿಕೊಂಡು ಬಂದಿದ್ದವು, ನಾನು ಹೋಗದ ಸೋಮವಾರದವರೆಗೆ. ಸೋಮವಾರ, ಮಂಗಳವಾರ, ಬುಧವಾರ ಈ ಮೂರು ದಿನಗಳ ಅಕ್ಷರಗಳು ಮಾತ್ರ ನೆಟ್ಟಗೆ ನಿಂತಿದ್ದವು.