ನಳಿಗೆಯ ಮೇಲೆ ಬೆರಳಾಡಿಸಿ ನೋಡಿ

ಮೇಜಿನ ಮೇಲೆ ಎರಡು ಪಂಪ್ ಆಕ್ಷನ್ ಕೋವಿಗಳಿವೆ, ನಳಿಗೆ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಮುಂದಿನ ತೋಟಾ ಕೂರುವ ಬಗೆಯವು. ಎರಡೂ ಖಾಲಿ, ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ. ಒಂದಕ್ಕೆ ನನಗಿಂತ ಜಾಸ್ತಿ ವಯಸ್ಸು. ಇನ್ನೊಂದನ್ನು ತಗೊಂಡು ಮೂರು ವರ್ಷ ಆಗಿಲ್ಲ. ಹಳೆಯದನ್ನು ಟ್ಯೂಬ್ ಲೈಟ್ ಕೆಳಗೆ ಹಿಡಿದರೆ ಬೆಳಕು ಒಂದೇ ಗೆರೆಯಾಗಿ, ಎಲ್ಲೂ ನಡುಗದೆ, ನಳಿಗೆಯ ಬುಡದಿಂದ ತುದಿವರೆಗೆ ಹೋಗುತ್ತದೆ. ಹೊಸದರ ಮೇಲೆ ಬೆಳಕು ನಿಲ್ಲುವುದೇ ಇಲ್ಲ. ಬೂದುಗಪ್ಪು ಮೈ, ಉಪ್ಪುಕಾಗದದ ಹಾಗೆ ತರಿತರಿ. ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಎಳೆಗಳು ಅಲ್ಲಲ್ಲೇ ಸಿಕ್ಕಿಕೊಳ್ಳುತ್ತವೆ.

ಈ ಎಳೆ ಸಿಕ್ಕಿಕೊಳ್ಳುವುದರ ಬಗ್ಗೆಯೇ ಬರೆಯಬೇಕು ಅಂತ ಕೂತೆ. "ಕೋವಿ ನೋಡೋಕೆ ಹೇಗಿದ್ರೇನು, ಈಡು ಸರಿಯಾಗಿ ಹಾರಿದ್ರೆ ಸಾಕಲ್ವಾ" ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಳಿಗೆಯ ಫಿನಿಶ್ ಬರೀ ಅಂದದ ಮಾತಲ್ಲ. ತುಕ್ಕಿನ ಮಾತು, ಬಾಳಿಕೆಯ ಮಾತು. ಎಲ್ಲಕ್ಕಿಂತ ಹೆಚ್ಚಾಗಿ, ಮಾಡಿದವರು ಎಷ್ಟು ಹೊತ್ತು ಕೊಟ್ಟು ಮಾಡಿದರು ಅನ್ನುವುದರ ಗುರುತು.

ಮೊದಲ ಮಳೆಗಾಲದಲ್ಲಿ ಆದದ್ದು ಹೇಳುತ್ತೇನೆ. ಇಡೀ ದಿನ ತುಂತುರು. ಸಂಜೆ ಬಂದು ಎರಡೂ ಕೋವಿಗಳನ್ನು ಒಂದೇ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬೆಳಿಗ್ಗೆ ಹಾಕಿದರಾಯಿತು ಅಂತ ಚೀಲಕ್ಕೆ ಸೇರಿಸಿದೆ. ತಪ್ಪು ನನ್ನದೇ, ಒಪ್ಪುತ್ತೇನೆ. ಬೆಳಿಗ್ಗೆ ತೆಗೆದರೆ ಹೊಸದರ ನಳಿಗೆಯ ಮೇಲೆ ಕೈ ಹಿಡಿದಿದ್ದ ಜಾಗದಲ್ಲಿ ಸಾಸಿವೆ ಕಾಳಿನಂಥ ಕೆಂಪು ಚುಕ್ಕಿಗಳು. ತೋಟಾ ತುಂಬಿಡುವ ಮ್ಯಾಗಜಿನ್ ಟ್ಯೂಬಿಗೆ ಸಿಕ್ಕಿಸುವ ಬಳೆಯ ಸುತ್ತ ಇನ್ನೂ ದಟ್ಟ. ಅದೇ ರಾತ್ರಿ, ಅದೇ ಒದ್ದೆಯಲ್ಲಿ ಪಕ್ಕದಲ್ಲೇ ಇದ್ದ ಹಳೆಯದಕ್ಕೆ ಏನೂ ಆಗಿರಲಿಲ್ಲ. ಹೊಸದು ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ಇದು ಒಬ್ಬರ ಕಥೆಯಲ್ಲ.

ಯಾಕೆ ಹೀಗೆ? ಬ್ಲೂಯಿಂಗ್, ಅಂದರೆ ನಳಿಗೆಯ ಉಕ್ಕಿಗೆ ಕೊಡುವ ನೀಲಿಗಪ್ಪು ಮೈ, ಒಂದು ಪೇಂಟ್ ಅಂತ ಅಂದುಕೊಂಡವರಿದ್ದಾರೆ. ಅಲ್ಲ. ಅದೂ ಒಂದು ಬಗೆಯ ತುಕ್ಕೇ, ಆದರೆ ಒಳ್ಳೆಯ ತುಕ್ಕು. ಈಗಿನ ಕಾರ್ಖಾನೆಗಳಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಉಕ್ಕನ್ನು ಅದ್ದುತ್ತಾರೆ. ಮೇಲ್ಮೈಯ ಕಬ್ಬಿಣ ಕಪ್ಪು ಆಕ್ಸೈಡ್ ಆಗುತ್ತದೆ. ಆ ಪದರ ತಲೆಗೂದಲಿನ ದಪ್ಪದ ಮುಂದೆ ಏನೇನೂ ಅಲ್ಲ, ಒಂದೆರಡು ಮೈಕ್ರಾನ್ ಅಷ್ಟೇ. ಅಷ್ಟು ತೆಳುವಾದದ್ದು ಕೆಳಗಿನ ಗೀರನ್ನಾಗಲಿ ಗುಂಡಿಯನ್ನಾಗಲಿ ಮುಚ್ಚುವುದಿಲ್ಲ. ಉಕ್ಕು ಹೇಗಿದೆಯೋ ಬ್ಲೂ ಹಾಗೇ ಕಾಣುತ್ತದೆ. ಹಾಗಾಗಿ ಬ್ಲೂಯಿಂಗ್ ಚೆನ್ನಾಗಿದೆ ಅಂದಾಗ ನಾವು ನಿಜವಾಗಿ ಹೊಗಳುತ್ತಿರುವುದು ಅದಕ್ಕೂ ಮುಂಚೆ ಆದ ಪಾಲಿಷನ್ನು. ಒಬ್ಬ ಮನುಷ್ಯ ಚಕ್ರದ ಮುಂದೆ ನಿಂತು, ಒರಟು ಪುಡಿಯಿಂದ ಶುರು ಮಾಡಿ ನಯವಾದದ್ದಕ್ಕೆ ಬರುತ್ತಾ, ಅಂಚುಗಳು ದುಂಡಗಾಗದ ಹಾಗೆ ಮಾಡಿದ ಕೆಲಸ ಅದು.

ದುಬಾರಿ ಆಗಿದ್ದೂ ಇದೇ ಕೆಲಸ. ಅದರ ಬದಲು ಬಂದದ್ದು ಬ್ಲಾಸ್ಟಿಂಗ್. ನಳಿಗೆಯ ಮೇಲೆ ಗಾಜಿನ ಮಣಿಯನ್ನೋ ಗರಸು ಪುಡಿಯನ್ನೋ ಗಾಳಿಯ ಒತ್ತಡದಲ್ಲಿ ಎರಚಿದರೆ ನಿಮಿಷಗಳಲ್ಲಿ ಮೈಯೆಲ್ಲ ಒಂದೇ ಸಮ ಮಂಕಾಗುತ್ತದೆ. ಲೇತಿನ ಗೀರು ಕಣ್ಣಿಗೆ ಬೀಳುವುದಿಲ್ಲ. ಆದರೆ ಹೀಗೆ ಎರಚಿದ ಮೈ ತುಂಬ ಸಣ್ಣ ಸಣ್ಣ ಗುಂಡಿ. ಬೆವರಿನ ಉಪ್ಪು, ಮಳೆಯ ಪಸೆ ಅಲ್ಲಿ ಕೂರುತ್ತದೆ. ಬಟ್ಟೆ ಮೇಲಿನಿಂದ ಜಾರಿ ಹೋಗುತ್ತದೆ, ಗುಂಡಿಯೊಳಗೆ ಇಳಿಯುವುದಿಲ್ಲ. ನನ್ನ ಚುಕ್ಕಿಗಳು ಹುಟ್ಟಿದ್ದು ಅಲ್ಲೇ.

ಮಂಕು ಮೈ ಅಂದರೆಲ್ಲಾ ಕೆಟ್ಟದ್ದು ಅಂತ ಮಾತ್ರ ತಿಳಿಯಬೇಡಿ. ಪಾರ್ಕರೈಸಿಂಗ್ ಕೂಡ ಮಂಕೇ. ಬ್ಲಾಸ್ಟ್ ಮಾಡಿದ ಉಕ್ಕನ್ನು ಫಾಸ್ಫೇಟ್ ದ್ರಾವಣದಲ್ಲಿ ಕಾಯಿಸಿದರೆ ಮೇಲೆ ಹರಳು ಹರಳಾದ ಪದರ ಬೆಳೆಯುತ್ತದೆ. ಅದು ಎಣ್ಣೆಯನ್ನು ಹೀರಿ ಹಿಡಿದುಕೊಳ್ಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಎಂ1 ಗ್ಯಾರಂಡ್ ರೈಫಲ್‌ಗಳ ಮೇಲಿದ್ದದ್ದು ಇದೇ. ಕೆಸರು, ಮಳೆ, ಸಮುದ್ರದ ಗಾಳಿ ಎಲ್ಲಾ ಕಂಡಿದೆ. ಬ್ಲಾಸ್ಟ್ ಮಾಡಿ ಪಾರ್ಕರೈಸ್ ಮಾಡುವುದು ಒಂದು, ಬ್ಲಾಸ್ಟ್ ಮಾಡಿ ಅದರ ಮೇಲೆ ತೆಳುವಾದ ಬ್ಲೂ ಮಾಡಿ ಕಳಿಸುವುದು ಇನ್ನೊಂದು. ದೂರದಿಂದ ಎರಡೂ ಒಂದೇ ತರ ಕಾಣುತ್ತವೆ. ಕೊಳ್ಳುವವರು ಎಡವುವುದು ಇಲ್ಲೇ.

ಹಳೆಯದೆಲ್ಲಾ ಚಿನ್ನ ಅನ್ನುವವನೂ ನಾನಲ್ಲ. ವಿಂಚೆಸ್ಟರ್ ಕಂಪನಿಯ ಮಾಡೆಲ್ 12 ಪಂಪ್ ಕೋವಿ ನೋಡಿ. 1912ರಲ್ಲಿ ಬಂತು, ಸುಮಾರು 20 ಲಕ್ಷ ತಯಾರಾದವು. ಅದರ ಪಂಪ್ ಎಳೆದವರಿಗೆ ಬೇರೆ ಯಾವುದೂ ರುಚಿಸುವುದಿಲ್ಲ. ಆದರೆ ಅದರ ಉಕ್ಕಿನ ಭಾಗಗಳನ್ನು ಕಡೆದು, ಕೈಯಲ್ಲಿ ಹೊಂದಿಸಿ ಕೂರಿಸುವ ಖರ್ಚು ಏರುತ್ತಲೇ ಹೋಯಿತು. 1964ರಲ್ಲಿ ಅದರ ಮಾಮೂಲಿ ತಯಾರಿಕೆ ನಿಂತಿತು. ರೆಮಿಂಗ್ಟನ್‌ನವರು ಆ ಲೆಕ್ಕವನ್ನು ಮುಂಚೆಯೇ ಹಾಕಿದ್ದರು. ಅವರ ಮಾಡೆಲ್ 31 ಕೈಕೆಲಸ ಜಾಸ್ತಿ ಬೇಡುವ ಕೋವಿ. ಅದರ ಜಾಗಕ್ಕೆ 1950ರಲ್ಲಿ 870 ತಂದರು. ಒಳಗೆ ಅಚ್ಚೊತ್ತಿದ ತಗಡಿನ ಭಾಗಗಳನ್ನು ಧಾರಾಳವಾಗಿ ಹಾಕಿದರು, ಆದರೆ ರಿಸೀವರನ್ನು, ಅಂದರೆ ಯಂತ್ರಭಾಗ ಕೂರುವ ನಡುವಿನ ಗೂಡನ್ನು, ಗಟ್ಟಿ ಉಕ್ಕಿನಿಂದಲೇ ಕೊರೆದರು. 870ರ ವಿಂಗ್‌ಮಾಸ್ಟರ್ ಅನ್ನುವ ಮಾದರಿಯ ನಳಿಗೆಗೆ ಹೊಳೆಯುವ ಪಾಲಿಷ್ ಉಳಿಸಿಕೊಂಡರು. ಎಲ್ಲಿ ಖರ್ಚು ಉಳಿಸಬಹುದೋ ಅಲ್ಲಿ ಉಳಿಸಿದರು, ಎಲ್ಲಿ ಉಳಿಸಬಾರದೋ ಅಲ್ಲಿ ಉಳಿಸಲಿಲ್ಲ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. 1987ರಲ್ಲಿ ಅದೇ ಯಂತ್ರಕ್ಕೆ ಮಂಕು ಫಿನಿಶ್ ಕೊಟ್ಟು ಕಡಿಮೆ ಬೆಲೆಗೆ ಎಕ್ಸ್‌ಪ್ರೆಸ್ ತಂದರು. 870 ಅನ್ನುವ ಒಂದೇ ಹೆಸರಿನಲ್ಲಿ ಒಂದು ಕೋಟಿಗೂ ಹೆಚ್ಚು ಕೋವಿಗಳು ಮಾರಾಟವಾಗಿವೆ.

ಅಲ್ಯೂಮಿನಿಯಂ ರಿಸೀವರ್ ಕಂಡರೆ ಮೂಗು ಮುರಿಯುವವರೂ ಇದ್ದಾರೆ. ಅದು ಸರಿಯಲ್ಲ. ಮಾಸ್‌ಬರ್ಗ್ 500 ಪಂಪ್ ಕೋವಿಯಲ್ಲಿ ತೋಟಾದ ಹಿಂಬದಿ ಮುಚ್ಚುವ ಬೋಲ್ಟ್ ಬೀಗ ಹಾಕಿಕೊಳ್ಳುವುದು ರಿಸೀವರಿಗಲ್ಲ, ನಳಿಗೆಯ ಹಿಂದಿನ ಉಕ್ಕಿನ ತುಂಡಿಗೆ. ಒತ್ತಡ ಹೊರುವುದು ಉಕ್ಕು, ಅಲ್ಯೂಮಿನಿಯಂ ಬರೀ ಗೂಡು. ಬೆನೆಲ್ಲಿ ನೋವಾ ಅನ್ನುವ ಇನ್ನೊಂದು ಪಂಪ್ ಕೋವಿಯಲ್ಲಿ ಹೊರಗೆಲ್ಲಾ ಪ್ಲಾಸ್ಟಿಕ್, ಒಳಗೆ ಉಕ್ಕಿನ ಅಸ್ಥಿಪಂಜರ. ಅದೂ ಯೋಚಿಸಿ ಮಾಡಿದ ಕೆಲಸವೇ.

ನನಗೆ ನಿಜವಾಗಿ ಸಿಟ್ಟು ಬರುವುದು ಚೇಂಬರ್, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗದ ವಿಷಯದಲ್ಲಿ. ಹೊರಗಿನ ತರಿ ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ನನ್ನ ಹೊಸ ಕೋವಿ ತಗೊಂಡ ತಿಂಗಳಲ್ಲೇ ಕೈಕೊಟ್ಟಿತು. ಮೂರನೇ ಈಡು ಹಾರಿಸಿ ಪಂಪ್ ಎಳೆದೆ, ಬರಲಿಲ್ಲ. ಇನ್ನೂ ಬಲವಾಗಿ ಎಳೆದೆ, ಅಲ್ಲಾಡಲಿಲ್ಲ. ನಳಿಗೆಯನ್ನು ಸುರಕ್ಷಿತ ಕಡೆಗೇ ತಿರುಗಿಸಿಟ್ಟು, ಎರಡು ಕೈ ಹಾಕಿ, ಅಂತೂ ಬಿಡಿಸಿದೆ. ಹೊರಗೆ ಬಂದ ಖಾಲಿ ತೋಟಾದ ಲೋಹದ ಬುಡದ ಸುತ್ತ ಬಳೆ ಬಳೆಯಾಗಿ ಗೀರುಗಳಿದ್ದವು, ಒಂದರ ಪಕ್ಕ ಒಂದು, ಲೆಕ್ಕ ಹಾಕಬಹುದಾದಷ್ಟು ಸ್ಪಷ್ಟ. ಚೇಂಬರ್ ಕೊರೆದ ಉಪಕರಣದ ಗುರುತೆಲ್ಲಾ ತೋಟಾದ ಮೇಲೆ ಅಚ್ಚೊತ್ತಿತ್ತು.

12 ಬೋರ್‌ನ ಸಾಮಾನ್ಯ ತೋಟಾದ ಒಳಗಿನ ಒತ್ತಡಕ್ಕೆ ಅಮೆರಿಕದ ಮಾನದಂಡದಲ್ಲಿ ಹಾಕಿರುವ ಮೇಲ್ಮಿತಿ 11,500 ಪಿಎಸ್ಐ (ಚದರ ಇಂಚಿಗೆ ಪೌಂಡ್). ಆ ಒತ್ತಡಕ್ಕೆ ಬುಡ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಹಿತ್ತಾಳೆ ಆದರೆ ಚೂರು ಹಿಂದಕ್ಕೆ ಕುಗ್ಗಿ ಬಿಟ್ಟುಕೊಡುತ್ತದೆ. ಅಗ್ಗದ ತೋಟಾಗಳ ಬುಡ ಹಿತ್ತಾಳೆ ಬಣ್ಣದ ಉಕ್ಕು, ಅದು ಅಷ್ಟು ಕುಗ್ಗುವುದಿಲ್ಲ. ಗೋಡೆ ನಯವಾಗಿದ್ದರೆ ಅದೂ ಜಾರಿ ಬರುತ್ತದೆ. ಗೋಡೆಯಲ್ಲಿ ಗೀರಿದ್ದರೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎಲ್ಲಾ ಭಾರ ತೋಟಾದ ಅಂಚು ಹಿಡಿದು ಎಳೆಯುವ ಪುಟ್ಟ ಕೊಕ್ಕೆಯ ಮೇಲೆ ಬೀಳುತ್ತದೆ. ಆ ಕೊಕ್ಕೆ ಈಗ ಎಷ್ಟೋ ಕೋವಿಗಳಲ್ಲಿ ಲೋಹದ ಪುಡಿಯನ್ನು ಅಚ್ಚಿಗೆ ಒತ್ತಿ, ಕುಲುಮೆಯಲ್ಲಿ ಗಟ್ಟಿ ಮಾಡಿದ್ದು. ಚೆನ್ನಾಗಿ ಮಾಡಿದರೆ ಅದೂ ಬಾಳುತ್ತದೆ. ಆದರೆ ಒರಟು ಚೇಂಬರಿನ ಹೊರೆಯನ್ನು ದಿನಾ ಅದೇ ಯಾಕೆ ಹೊರಬೇಕು?

ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ತಗೊಂಡು ಹೋದೆ. ಅವರು ನಳಿಗೆ ಬಿಚ್ಚಿ, ಕಿರುಬೆರಳಿನ ಉಗುರನ್ನು ಚೇಂಬರಿನೊಳಗೆ ಹಾಕಿ ನಿಧಾನ ಎಳೆದರು. "ಕೇಳಿಸ್ತಾ?" ಅಂದರು. ಕೇಳಿಸಿತು. ಬಾಚಣಿಗೆ ಮೇಲೆ ಉಗುರು ಎಳೆದ ಹಾಗೆ ಟಿರ್ ಅಂತ ಸದ್ದು. "ಹೊರಗಡೆ ಪಾಲಿಷ್ ಮಾಡದೋರು ಒಳಗೆ ಮಾಡಿರ್ತಾರೆ ಅಂತ ನಂಬ್ಕೊಂಡ್ರಾ ಸಾರ್?" ಅಂತ ಕೇಳಿದರು. ನಂಬಿದ್ದೆ.

ನನ್ನ ಅಭಿಪ್ರಾಯ ಇಷ್ಟು. ಬೆಲೆ ಇಳಿಸಬೇಕಾ, ಇಳಿಸಿ. ಮರದ ಹಿಡಿ ಬೇಡ, ಪ್ಲಾಸ್ಟಿಕ್ ಹಾಕಿ. ಹೊಳಪು ಬೇಡ, ಮಂಕು ಕೊಡಿ, ಆದರೆ ಫಾಸ್ಫೇಟ್ ಕೊಡಿ ಇಲ್ಲವೇ ಒಳ್ಳೆಯ ಸೆರಾಮಿಕ್ ಲೇಪನ ಕೊಡಿ. ಚೇಂಬರನ್ನು ಮಾತ್ರ ಒರಟಾಗಿ ಬಿಡಬೇಡಿ. ಅದನ್ನು ನಯ ಮಾಡುವ ನಾಲ್ಕು ನಿಮಿಷದ ಕೆಲಸವನ್ನು ಕೊಂಡವನ ತಲೆಗೆ ಕಟ್ಟಬೇಡಿ.

ಹೊಸದು ನೋಡಲು ಹೋಗುವವರು ಡಬ್ಬದ ಮೇಲಿನ ಹೆಸರು ಓದಿ ಸುಮ್ನೆ ವಾಪಸ್ ಬರಬೇಡಿ. ಅಂಗಡಿಯವರನ್ನು ಕೇಳಿ ನಳಿಗೆ ಬಿಚ್ಚಿಸಿ. ಚೇಂಬರಿಗೆ ಬೆಳಕು ಬಿಟ್ಟು ನೋಡಿ, ಉಗುರು ಎಳೆದು ನೋಡಿ. ಬಳೆಯನ್ನು ನಳಿಗೆಗೆ ಬೆಸೆದ ಜಾಗ ಸುತ್ತಲೂ ತುಂಬಿದೆಯಾ ಅಂತ ನೋಡಿ. ರಿಸೀವರಿನ ಒಳಗಂಚಿಗೆ ಬೆರಳು ಹಾಕಿದರೆ ಚರ್ಮ ಗೀರಬಾರದು. ಬೇಸರ ಮಾಡಿಕೊಳ್ಳುವ ಅಂಗಡಿಯಿಂದ ತಗೊಳ್ಳಲೇಬೇಡಿ.

ನನ್ನ ಕೋವಿಯ ಚೇಂಬರನ್ನು ಆ ಹಿರಿಯರೇ ನಯ ಮಾಡಿಕೊಟ್ಟರು. ಈಗ ಖಾಲಿ ತೋಟಾ ತಡೆಯಿಲ್ಲದೆ ಬರುತ್ತದೆ, ಬುಡದ ಮೇಲೆ ಒಂದು ಗೀರೂ ಇಲ್ಲ. ಹೊರಗಿನ ಚುಕ್ಕಿಗಳನ್ನು ಎಣ್ಣೆ ಹಾಕಿ ನವಿರಾದ ಉಕ್ಕಿನ ಉಣ್ಣೆಯಲ್ಲಿ ಉಜ್ಜಿ ತೆಗೆದೆ. ಕೆಂಪು ಹೋಯಿತು. ಅದರ ಜಾಗದಲ್ಲಿ ಬ್ಲೂ ಇಲ್ಲದ ಬಿಳಿ ಮಚ್ಚೆಗಳು ಉಳಿದಿವೆ. ಸಂಜೆ ಎಷ್ಟೇ ತಡವಾದರೂ ಎಣ್ಣೆ ಬಟ್ಟೆ ಮೊದಲು ಹೋಗುವುದು ಅಲ್ಲಿಗೇ.