ಟ್ಯಾಂಕು ನಮ್ಮದಿರಲಿ, ಪೈಪು ಬಾಡಿಗೆಗಿರಲಿ

"ಜ್ಯಾಪಿಯರ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಾ, ಇಲ್ಲ ಸುಪಾಬೇಸ್ ಹಾಕ್ಕೊಂಡು ಯಾರಾದ್ರೂ ಹುಡುಗರ ಹತ್ರ ಬರೆಸಿಬಿಡಲಾ?"

ಸಣ್ಣ ವ್ಯಾಪಾರ ನಡೆಸುವ ಗೆಳೆಯರು ಇದನ್ನು ಕೇಳುತ್ತಲೇ ಇರುತ್ತಾರೆ. ಅವರಿಗೆ ಬೇಕಿರುವುದು ಒಂದು ಹೆಸರು. ನನಗೋ ಪ್ರಶ್ನೆಯ ಮೇಲೇ ತಕರಾರು. ಜ್ಯಾಪಿಯರ್, ಮೇಕ್, ಎನ್‌ಏಟ್‌ಎನ್ (n8n) ಇವೆಲ್ಲ ಮಾಹಿತಿಯನ್ನು ಇಲ್ಲಿಂದ ಅಲ್ಲಿಗೆ ಸಾಗಿಸುವ ಪೈಪುಗಳು. ಸುಪಾಬೇಸ್, ಆಪ್‌ರೈಟ್, ಪಾಕೆಟ್‌ಬೇಸ್ ಮಾಹಿತಿಯನ್ನು ಕೂಡಿಡುವ ಟ್ಯಾಂಕುಗಳು. ಮನೆ ಕಟ್ಟುವವರು ಪೈಪು ತರಲೋ ಟ್ಯಾಂಕು ತರಲೋ ಅಂತ ಯಾವತ್ತಾದರೂ ಕೇಳಿದ್ದುಂಟಾ? ಗೊಂದಲ ಆಗುವುದು ಸಹಜವೇ ಅನ್ನಿ. ಸುಪಾಬೇಸ್‌ನಲ್ಲಿ ಎಡ್ಜ್ ಫಂಕ್ಷನ್ (ಅವರ ಸರ್ವರ್‌ನಲ್ಲೇ ಓಡುವ ಪುಟ್ಟ ಕೋಡು) ಬರೆದು ಸಾಗಾಟದ ಕೆಲಸವನ್ನೂ ಮಾಡಿಸಬಹುದು. ಜ್ಯಾಪಿಯರ್ ಕೂಡ ಟೇಬಲ್ಸ್ ಅಂತ ಒಂದನ್ನು ಕೊಟ್ಟು ಕೂಡಿಡುವ ಕೆಲಸಕ್ಕೂ ಕೈ ಹಾಕಿದೆ. ಮಾರುವವರು ಎಲ್ಲವನ್ನೂ ಮಾರುತ್ತಾರೆ. ಕೊಳ್ಳುವ ನಾವು ಎರಡನ್ನೂ ಬೇರೆ ಬೇರೆ ನೋಡಬೇಕು.

ಶಿವಮೊಗ್ಗದ ಗೆಳೆಯರೊಬ್ಬರು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಆನ್‌ಲೈನಲ್ಲಿ ಮಾರುತ್ತಾರೆ. ದುಡ್ಡು ಬಂದ ತಕ್ಷಣ ಗಿರಾಕಿಗೆ ವಾಟ್ಸಾಪ್ ಹೋಗಬೇಕು, ಗೂಗಲ್ ಶೀಟಿನಲ್ಲಿ ಒಂದು ಸಾಲು ಬೀಳಬೇಕು, ಪ್ಯಾಕಿಂಗ್‌ನವರಿಗೆ ಮೇಲ್ ಹೋಗಬೇಕು, ಕೊರಿಯರ್‌ನವರ ಕಡೆ ಬುಕಿಂಗ್ ಆಗಬೇಕು. ಒಂದು ಆರ್ಡರ್‌ಗೆ ನಾಲ್ಕು ಕೆಲಸ. ದಿನಕ್ಕೆ 30 ಆರ್ಡರ್ ಅಂದರೆ ತಿಂಗಳಿಗೆ 3,600 ಕೆಲಸ.

ಬಿಲ್ಲಿನ ಗುಟ್ಟು ಇರುವುದು ಇಲ್ಲೇ. ಯಾರ ದರ ಎಷ್ಟು ಅಂತ ನೋಡುವ ಮೊದಲು ಅವರು ಏನನ್ನು ಎಣಿಸುತ್ತಾರೆ ಅಂತ ನೋಡಿ. ಜ್ಯಾಪಿಯರ್ ಎಣಿಸುವುದು ಟಾಸ್ಕ್, ಅಂದರೆ ಯಶಸ್ವಿಯಾಗಿ ಮುಗಿದ ಒಂದೊಂದು ಕೆಲಸ. ಹಾಗಾಗಿ 3,600. ಮೇಕ್‌ನಲ್ಲಿ ಹೊಸದೇನಾದರೂ ಬಂದಿದೆಯಾ ಅಂತ ಇಣುಕುವುದಕ್ಕೂ ಲೆಕ್ಕ. 15 ನಿಮಿಷಕ್ಕೊಮ್ಮೆ ಇಣುಕು ಅಂತ ಇಟ್ಟರೆ ಒಂದೇ ಒಂದು ಆರ್ಡರ್ ಬರದಿದ್ದರೂ ತಿಂಗಳಿಗೆ 2,880 ಆಯಿತು (ಹೊಸದು ಬಂದಾಗ ಆ ಕಡೆಯಿಂದಲೇ ಸುದ್ದಿ ಕಳಿಸುವ ವೆಬ್‌ಹುಕ್ ಬಳಸಿದರೆ ಈ ಕಾಟ ಇಲ್ಲ). ಎನ್‌ಏಟ್‌ಎನ್‌ನ ಕ್ಲೌಡ್‌ನಲ್ಲಿ ಇಡೀ ವರ್ಕ್‌ಫ್ಲೋ, ಅಂದರೆ ಒಂದು ಆರ್ಡರ್‌ನ ಎಲ್ಲ ಕೆಲಸಗಳ ಸರಣಿ, ಒಮ್ಮೆ ಓಡಿದರೆ ಒಂದು, ಒಳಗೆ ನಾಲ್ಕು ಹಂತ ಇರಲಿ ನಲವತ್ತು ಇರಲಿ. ಅದೇ ವ್ಯಾಪಾರಕ್ಕೆ ಅಲ್ಲಿ 900. ದಸರಾ, ದೀಪಾವಳಿಗೆ ಆರ್ಡರ್ ಮೂರು ಪಟ್ಟಾದಾಗ ಈ ವ್ಯತ್ಯಾಸ ಜೇಬಿಗೆ ಸರಿಯಾಗಿ ತಾಗುತ್ತದೆ.

ಆದರೂ ಪೈಪಿಗೆ ದುಡ್ಡು ಕೊಡುವುದರ ಬಗ್ಗೆ ನನಗೆ ಬೇಸರವಿಲ್ಲ. ವಾಟ್ಸಾಪ್‌ನವರೋ ಗೂಗಲ್‌ನವರೋ ಎಪಿಐ, ಅಂದರೆ ಬೇರೆ ಸಾಫ್ಟ್‌ವೇರ್ ಬಂದು ಜೋಡಿಕೊಳ್ಳುವ ದಾರಿ, ಬದಲಿಸಿದಾಗ ಅದರ ಹಿಂದೆ ಓಡುವವರು ಬೇರೆ ಯಾರೋ ಆಗಿರುತ್ತಾರಲ್ಲ, ಆ ನೆಮ್ಮದಿಗೆ ಬೆಲೆಯಿದೆ. ಉಪ್ಪಿನಕಾಯಿ ಮಾರುವವರು ಅವಧಿ ಮುಗಿದ ಲಾಗಿನ್ ಟೋಕನ್ ನವೀಕರಿಸುವುದರ (ಓಆತ್ ಟೋಕನ್ ರಿಫ್ರೆಶ್) ಬಗ್ಗೆ ಯಾಕೆ ತಲೆಕೆಡಿಸಿಕೊಳ್ಳಬೇಕು?

ನನ್ನ ತಕರಾರು ಆ ಗೂಗಲ್ ಶೀಟಿನ ಮೇಲೆ. ಅದು ಟ್ಯಾಂಕೂ ಅಲ್ಲ, ಬಕೆಟ್ಟು. ಪೇಮೆಂಟ್ ವೆಬ್‌ಹುಕ್‌ಗಳು ಒಂದೇ ಸಂದೇಶವನ್ನು ಎರಡು ಸಲ ಕಳಿಸಬಹುದು. ಹಿಂದೆ ಮುಂದೆ ಆಗಿಯೂ ಬರಬಹುದು. ಇದು ದೋಷವಲ್ಲ, ವ್ಯವಸ್ಥೆಯೇ ಹಾಗೆ. ನಮ್ಮ ಕಡೆಯಿಂದ ಸಮಯಕ್ಕೆ ಉತ್ತರ ಹೋಗದಿದ್ದರೆ ತಲುಪಿಲ್ಲವೇನೋ ಅಂತ ಅವರು ಮತ್ತೆ ಕಳಿಸುತ್ತಾರೆ. ಆನ್‌ಲೈನ್ ಪಾವತಿ ಪಡೆಯಲು ಬಳಸುವ ರೇಜರ್‌ಪೇ ತನ್ನ ಕೈಪಿಡಿಯಲ್ಲೇ ಇದನ್ನು ಹೇಳಿ, ಪ್ರತಿ ಘಟನೆಗೂ ಒಂದು ಈವೆಂಟ್ ಐಡಿ ಬರುತ್ತದೆ, ಅದನ್ನು ನೋಡಿ ನಕಲು ಗುರುತಿಸಿ ಅನ್ನುತ್ತದೆ. ಶೀಟಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಎರಡು ಸಲ ಬಂದರೆ ಎರಡು ಸಾಲು, ಎರಡು ಮಿಡಿ ಉಪ್ಪಿನಕಾಯಿ ಪಾರ್ಸೆಲ್. ಸುಪಾಬೇಸ್‌ನ ಒಳಗಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಾದರೆ ಆ ಐಡಿ ಇರುವ ಕಾಲಮ್‌ಗೆ ಯೂನಿಕ್ (ಒಂದೇ ಬೆಲೆ ಎರಡು ಸಲ ಬರಬಾರದು) ಅಂತ ಒಂದು ಪದ ಸೇರಿಸಿದರೆ ಸಾಕು, ಎರಡನೆಯದನ್ನು ಬಾಗಿಲಲ್ಲೇ ತಡೆಯುತ್ತದೆ. ಪೈಪಿನೊಳಗೆ ಫಿಲ್ಟರ್ ಮೇಲೆ ಫಿಲ್ಟರ್ ಜೋಡಿಸಿ ಇದನ್ನೇ ಮಾಡಲು ಒದ್ದಾಡುವವರನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ.

ಟ್ಯಾಂಕು ಬೇರೆಯವರದ್ದಾದರೆ ಏನಾಗುತ್ತದೆ ಅನ್ನುವುದಕ್ಕೆ ಪಾರ್ಸ್ ಕಥೆ ಇದೆ. ಮೊಬೈಲ್ ಆ್ಯಪ್‌ಗಳಿಗೆ ಬ್ಯಾಕೆಂಡ್, ಅಂದರೆ ಹಿಂದಿನ ಸರ್ವರ್ ಮತ್ತು ಡೇಟಾಬೇಸ್, ಕೊಡುತ್ತಿದ್ದ ಆ ಕಂಪನಿಯನ್ನು 2013ರಲ್ಲಿ ಫೇಸ್‌ಬುಕ್ ಕೊಂಡಿತು. 2016ರ ಜನವರಿ 28ರಂದು ಮುಚ್ಚುತ್ತೇವೆ ಅಂತ ಘೋಷಣೆ ಬಂತು, 2017ರ ಜನವರಿ 30ಕ್ಕೆ ಬಾಗಿಲು. ನಂಬಿ ಕೂತಿದ್ದ ಆ್ಯಪ್‌ಗಳಿಗೆ ಸಿಕ್ಕಿದ್ದು ಒಂದು ವರ್ಷ. ಪುಣ್ಯಕ್ಕೆ ಪಾರ್ಸ್ ಸರ್ವರ್ ಅನ್ನು ಓಪನ್ ಸೋರ್ಸ್ ಮಾಡಿ, ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು, ಡೇಟಾ ಹೊರಗೆ ತೆಗೆಯಲು ಉಪಕರಣವನ್ನೂ ಕೊಟ್ಟರು. ಆ ಸರ್ವರ್ ಇವತ್ತಿಗೂ ಬದುಕಿದೆ. ಪೈಪು ಮುಚ್ಚಿದರೆ ಒಂದು ವಾರ ಕೈಯಲ್ಲೇ ಮೇಲ್ ಕಳಿಸಿಕೊಂಡು ಸುಧಾರಿಸಬಹುದು. ಐದು ವರ್ಷದ ಗಿರಾಕಿಗಳ ಲೆಕ್ಕ ಬೇರೆಯವರ ಅಂಗಳದಲ್ಲಿ ಸಿಕ್ಕಿಬಿದ್ದರೆ ಹಾಗೆ ಸುಧಾರಿಸಲು ಆಗುವುದಿಲ್ಲ.

ಇಷ್ಟು ಓದಿ ಓಪನ್ ಸೋರ್ಸ್ ಭಕ್ತರು ಖುಷಿಯಾಗುವುದು ಬೇಡ. ಸ್ವಂತ ಟ್ಯಾಂಕು ಅಂದರೆ ತೊಳೆಯುವ ಕೆಲಸವೂ ಸ್ವಂತದ್ದೇ. ಸುಪಾಬೇಸ್‌ನ ಪಬ್ಲಿಕ್ ಕೀ ಬ್ರೌಸರ್‌ನಲ್ಲಿ ಎಲ್ಲರಿಗೂ ಕಾಣುತ್ತದೆ, ಕಾಣಲೆಂದೇ ಇರುವುದು ಅದು. ನಿಜವಾದ ಬೀಗ ಇರುವುದು ರೋ ಲೆವೆಲ್ ಸೆಕ್ಯೂರಿಟಿಯಲ್ಲಿ, ಅಂದರೆ ಟೇಬಲಿನ ಯಾವ ಸಾಲನ್ನು ಯಾರು ನೋಡಬಹುದು ಅನ್ನುವ ನಿಯಮದಲ್ಲಿ. ಅದನ್ನು ಹಾಕದೆ ಟೇಬಲ್ ತೆರೆದಿಟ್ಟರೆ ಗಿರಾಕಿಗಳ ಹೆಸರು, ಫೋನ್ ನಂಬರ್ ಯಾರು ಬೇಕಾದರೂ ಓದಬಹುದು. 2025ರಲ್ಲಿ ಲವಬಲ್ ಅನ್ನುವ ಎಐ ಉಪಕರಣದಿಂದ ಕಟ್ಟಿದ ನೂರಕ್ಕೂ ಹೆಚ್ಚು ತಾಣಗಳಲ್ಲಿ ಈ ಬೀಗ ಸರಿಯಾಗಿಲ್ಲದ್ದು ಬಯಲಾಯಿತು. "ಯಾರಾದ್ರೂ ಹುಡುಗರ ಹತ್ರ ಬರೆಸಿಬಿಡಲಾ" ಅನ್ನುವವರಿಗೆ ನಾನು ಹೆದರಿಸುವುದು ಇದನ್ನೇ ಹೇಳಿ.

ಇನ್ನು ಬ್ಯಾಕಪ್. 2017ರ ಜನವರಿ 31ರಂದು ಕಂಪನಿಗಳ ಕೋಡು ಇಟ್ಟುಕೊಳ್ಳುವ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರ ಕೈತಪ್ಪಿನಿಂದ ಬಳಕೆಯಲ್ಲಿದ್ದ ಮುಖ್ಯ ಡೇಟಾಬೇಸೇ ಅಳಿಸಿಹೋಯಿತು. ಇದ್ದ ಐದು ಬ್ಯಾಕಪ್ ದಾರಿಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ. ಯಾರೋ ಬೇರೆ ಕೆಲಸಕ್ಕೆ ಆರು ಗಂಟೆ ಹಿಂದೆ ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್ (ಡೇಟಾಬೇಸಿನ ನಕಲು) ಕಾಪಾಡಿತು. ಅಂಥವರ ಪಾಡೇ ಇದು. ಎನ್‌ಏಟ್‌ಎನ್ ಅನ್ನು ಸ್ವಂತ ಸರ್ವರ್‌ನಲ್ಲಿ ಇಟ್ಟುಕೊಳ್ಳುವವರು ಉಳಿಸಿಟ್ಟ ಗುಟ್ಟುಗಳನ್ನು ತೆರೆಯುವ ಅದರ ಎನ್‌ಕ್ರಿಪ್ಶನ್ ಕೀಯನ್ನು ಎಲ್ಲಿ ಇಟ್ಟಿದ್ದೀರಿ ಅಂತ ಈಗಲೇ ಒಮ್ಮೆ ನೋಡಿಕೊಳ್ಳಿ. ಡೇಟಾಬೇಸಿನ ಬ್ಯಾಕಪ್ ಇದ್ದು ಆ ಕೀ ಇಲ್ಲದಿದ್ದರೆ, ಉಳಿಸಿಟ್ಟ ಪಾಸ್‌ವರ್ಡು, ಟೋಕನ್ನು ಯಾವುದೂ ತೆರೆಯುವುದಿಲ್ಲ. ಅಂದಹಾಗೆ ಎನ್‌ಏಟ್‌ಎನ್ ಕಟ್ಟುನಿಟ್ಟಾಗಿ ಓಪನ್ ಸೋರ್ಸ್ ಅಲ್ಲ. ನಿಮ್ಮ ಒಳಗಿನ ಬಳಕೆಗೆ ಮುಕ್ತ, ಅದನ್ನೇ ಸೇವೆಯಾಗಿ ಮಾರಲು ಹೋದರೆ ಪರವಾನಗಿ ಅಡ್ಡ ಬರುತ್ತದೆ. ಪಾಕೆಟ್‌ಬೇಸ್‌ಗೆ ಎಂಐಟಿ, ಸುಪಾಬೇಸ್‌ನ ಮುಖ್ಯ ಭಾಗಕ್ಕೆ ಅಪಾಚೆ 2.0 ಅನ್ನುವ ಮುಕ್ತ ಪರವಾನಗಿ ಇದೆ, ಆ ತಲೆನೋವಿಲ್ಲ.

ಭಾರತದಲ್ಲಿ ಕೂತು ಡಾಲರ್ ಚಂದಾ ಕಟ್ಟುವವರಿಗೆ ಇನ್ನೊಂದು ವಿಷಯ. ಕಾರ್ಡಿನಿಂದ ಚಂದಾ ತಾನಾಗಿಯೇ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ ಮಾಡಿದ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ತಿ ಜಾರಿಗೆ ಬಂತು. 2022ರಲ್ಲಿ ಒಟಿಪಿ ಇಲ್ಲದೆ ಕಡಿತವಾಗುವ ಮಿತಿಯನ್ನು 5,000ದಿಂದ 15,000 ರೂಪಾಯಿಗೆ ಏರಿಸಿದರು. ಅದಕ್ಕಿಂತ ಹೆಚ್ಚಾದರೆ ಪ್ರತಿ ಸಲ ಒಟಿಪಿ. ವರ್ಷದ ಪ್ಲಾನ್ ಈ ಮಿತಿ ದಾಟುವುದು ಕಷ್ಟವೇನಲ್ಲ, ಒಟಿಪಿ ತಪ್ಪಿದರೆ ಪೈಪು ಬಂದ್. ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.

ಮ್ಯೂಲ್‌ಸಾಫ್ಟ್‌ನಂಥ ಭಾರಿ ಪೈಪುಗಳನ್ನು ಕೊಳ್ಳುವ ದೊಡ್ಡ ಕಂಪನಿಗಳ ಲೋಕ ಬೇರೆಯೇ, ಅಲ್ಲಿ ಯಾರೂ ನನ್ನನ್ನು ಕೇಳಿಕೊಂಡು ಕೊಳ್ಳುವುದಿಲ್ಲ.

ಶಿವಮೊಗ್ಗದ ಗೆಳೆಯರಿಗೆ ನಾನು ಹೇಳಿದ್ದು: ಸುಪಾಬೇಸ್‌ಗೇ ದುಡ್ಡು ಕೊಟ್ಟು ಮುಂಬೈ ರೀಜನ್‌ನಲ್ಲಿ ಇಡಿ, ವಾರಕ್ಕೊಂದು ಪಿಜಿ ಡಂಪ್ (ಇಡೀ ಡೇಟಾಬೇಸಿನ ನಕಲು) ತೆಗೆದು ಬೇರೆ ಕಡೆ ಇಟ್ಟುಕೊಳ್ಳಿ. ಒಳಗಿರುವುದು ಸಾದಾ ಪೋಸ್ಟ್‌ಗ್ರೆಸ್, ನಾಳೆ ಎಲ್ಲಿಗೆ ಬೇಕಾದರೂ ಹೊರಡಬಹುದು. ಉಚಿತ ಪ್ಲಾನ್ ಬೇಡ, ವಾರ ಪೂರ್ತಿ ಬಳಕೆಯಿಲ್ಲದಿದ್ದರೆ ಪ್ರಾಜೆಕ್ಟ್ ಮಲಗಿಬಿಡುತ್ತದೆ. ವಾಟ್ಸಾಪ್, ಮೇಲ್, ಕೊರಿಯರ್ ಮೂರಕ್ಕೂ ಬಾಡಿಗೆ ಪೈಪೇ ಇರಲಿ. ಟ್ಯಾಲಿಗೆ ಮಾತ್ರ ಏನನ್ನೂ ಜೋಡಿಸಬೇಡಿ ಅಂದೆ. ಅದು ಅಂಗಡಿಯ ಕಂಪ್ಯೂಟರಿನಲ್ಲಿ ಕೂತಿರುವ ಲೆಕ್ಕದ ಸಾಫ್ಟ್‌ವೇರ್. 9000ನೇ ಪೋರ್ಟಿನಲ್ಲಿ ಎಕ್ಸ್‌ಎಂಎಲ್ ರೂಪದಲ್ಲಿ ಮಾಹಿತಿ ಕೊಟ್ಟರೆ ತೆಗೆದುಕೊಳ್ಳುತ್ತದೆ ನಿಜ, ಆದರೆ ಹೊರಗಿನ ಪೈಪು ಅಲ್ಲಿಗೆ ತಲುಪಬೇಕಾದರೆ ಅಂಗಡಿಯ ನೆಟ್‌ವರ್ಕಿನಲ್ಲಿ ತೂತು ಕೊರೆಯಬೇಕು. ಅವರ ಅಕೌಂಟೆಂಟ್ ವಾರಕ್ಕೊಮ್ಮೆ ಬಂದು ಜಿಎಸ್‌ಟಿ ದರ ನೋಡಿ ಕೈಯಲ್ಲೇ ಎಂಟ್ರಿ ಹಾಕುತ್ತಾರೆ, ಹಾಕಲಿ ಬಿಡಿ.