ಅಣ್ಣತಮ್ಮಂದಿರ ರಕ್ತ ಸದ್ಯಕ್ಕೆ ಬೇಡ

ಕೋಲಾರದ ಕಡೆ ಯಾರಿಗಾದರೂ ರಕ್ತ ಬೇಕು ಅಂದರೆ ಸಾಕು, ನೆಂಟರೆಲ್ಲ ಟೆಂಪೋ ಮಾಡಿಕೊಂಡು ಬಂದಿಳಿಯುತ್ತಾರೆ. "ನಾವೇ ಇಷ್ಟು ಜನ ಇದೀವಲ್ಲಣ್ಣಾ, ಹೊರಗಿನೋರ ರಕ್ತ ಯಾಕೆ?" ಅಂತ ಕೇಳುತ್ತಾರೆ. ಅಪಘಾತ, ಹೆರಿಗೆ ಅಂದಾಗ ಈ ಒಗ್ಗಟ್ಟೇ ಜೀವ ಉಳಿಸಿದೆ. ಆದರೆ ಅಪ್ಲಾಸ್ಟಿಕ್ ಅನೀಮಿಯಾ ಅಂತ ಗೊತ್ತಾದವರ ಮನೆಯಲ್ಲಿ ನಾನು ನಿಷ್ಠುರವಾಗಿಯೇ ಹೇಳುತ್ತೇನೆ: ಅಪ್ಪ, ಅಮ್ಮ, ಅಣ್ಣ, ತಂಗಿ ಯಾರ ರಕ್ತವೂ ಈ ರೋಗಿಗೆ ಹೋಗಬಾರದು.

ಕಾರಣ ಹೇಳುವ ಮೊದಲು ಕಾಯಿಲೆಯ ವಿಷಯ. ಇದು ನಮಗೆ ಗೊತ್ತಿರುವ 'ರಕ್ತ ಕಮ್ಮಿ' ಅಲ್ಲ. ಇಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ, ಹಾಗಾಗಿ ಬೀಟ್ರೂಟ್, ನುಗ್ಗೆಸೊಪ್ಪು, ಟಾನಿಕ್ಕು ಯಾವುದೂ ನಾಟುವುದಿಲ್ಲ. ಮೂಳೆಯೊಳಗಿನ ಮಜ್ಜೆಯೇ ರಕ್ತಕಣ ಹುಟ್ಟಿಸುವುದನ್ನು ಬಿಟ್ಟಿರುತ್ತದೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಳಿಯುತ್ತವೆ. ಆಯಾಸ, ಬಿಡದ ಜ್ವರ, ಒಸಡಿನಲ್ಲಿ ರಕ್ತ, ಚರ್ಮದ ಮೇಲೆ ಕೆಂಪು ಚುಕ್ಕೆ. ಹೆಚ್ಚಿನವರಲ್ಲಿ ದೇಹದ ರೋಗನಿರೋಧಕ ಕಣಗಳೇ ಮಜ್ಜೆಯ ಸ್ಟೆಮ್ ಸೆಲ್‌ಗಳನ್ನು (ರಕ್ತಕಣಗಳೆಲ್ಲ ಹುಟ್ಟುವ ಮೂಲ ಕಣಗಳನ್ನು) ನಾಶ ಮಾಡಿರುತ್ತವೆ. ಕೆಲವರಿಗೆ ಫ್ಯಾಂಕೋನಿ ಅನೀಮಿಯಾದಂತೆ ಹುಟ್ಟಿನಿಂದ ಬರುತ್ತದೆ. ಬೆಂಜೀನ್ ಎಂಬ ರಾಸಾಯನಿಕ, ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್, ವಿಕಿರಣ ಕೂಡ ಕಾರಣವಾಗಬಹುದು. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ 1934ರಲ್ಲಿ ತೀರಿಕೊಂಡದ್ದು ಇದರಿಂದಲೇ. ಈ ಕಾಯಿಲೆ ಕ್ಯಾನ್ಸರ್ ಅಲ್ಲ, ಅಂಟುವುದಿಲ್ಲ. ಸೊಂಟದ ಮೂಳೆಯಿಂದ ಚೂರು ತೆಗೆದು ನೋಡಿದರೆ ಕಣಗಳ ಜಾಗದಲ್ಲಿ ಕೊಬ್ಬು ಕಾಣುತ್ತದೆ. ಖಾಲಿಯಾದ ಮಜ್ಜೆಯ ಜೊತೆಗೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ) 500ಕ್ಕಿಂತ, ಪ್ಲೇಟ್‌ಲೆಟ್ 20,000ಕ್ಕಿಂತ ಕೆಳಗಿದ್ದರೆ ತೀವ್ರ ಹಂತ ಅಂತ ಲೆಕ್ಕ.

ಪ್ಲೇಟ್‌ಲೆಟ್ ಅಂದ ತಕ್ಷಣ ನಮ್ಮೂರಲ್ಲಿ ಡೆಂಗಿ ನೆನಪಾಗಿ ಪಪ್ಪಾಯಿ ಎಲೆ ಅರೆಯಲು ಶುರು ಮಾಡುತ್ತಾರೆ. ಡೆಂಗಿಯಲ್ಲಿ ಜ್ವರ ಇಳಿದ ಮೇಲೆ ಕೌಂಟು ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ, ಹೆಸರು ಮಾತ್ರ ಎಲೆಗೆ ಹೋಗುತ್ತದೆ! ಇಲ್ಲಿ ಹಾಗೆ ಏರುವುದಿಲ್ಲ.

ಈಗ ನೆಂಟರ ರಕ್ತದ ವಿಷಯಕ್ಕೆ ಬರೋಣ. ವಯಸ್ಸು ಚಿಕ್ಕದಿದ್ದು, ಒಡಹುಟ್ಟಿದವರ ಎಚ್‌ಎಲ್‌ಎ (ತನ್ನದು ಯಾವುದು, ಪರರದು ಯಾವುದು ಅಂತ ದೇಹ ಗುರುತಿಸುವ, ಕಣಗಳ ಮೇಲಿನ ಗುರುತು) ಪೂರ್ತಿ ಹೊಂದಿದರೆ ಮಜ್ಜೆ ಕಸಿಯೇ ಮೊದಲ ಆಯ್ಕೆ. ಒಬ್ಬೊಬ್ಬ ಒಡಹುಟ್ಟಿದವರು ಹೊಂದುವ ಸಾಧ್ಯತೆ ಶೇ. 25. ಅರ್ಧ ಹೊಂದುವ ಅಪ್ಪ ಅಮ್ಮನಿಂದಲೂ ಈಗ ಕಸಿ ಮಾಡುತ್ತಾರೆ. ಮೊದಲೇ ಇವರ ರಕ್ತ ಏರಿಸಿಬಿಟ್ಟರೆ ರೋಗಿಯ ದೇಹ ಆ ಕಣಗಳನ್ನು ಗುರುತಿಟ್ಟುಕೊಂಡು ಅವುಗಳ ವಿರುದ್ಧ ತಯಾರಾಗುತ್ತದೆ. ನಾಳೆ ಅದೇ ತಮ್ಮನ ಮಜ್ಜೆ ಹಾಕಿದಾಗ ಒಳಗೆ ಸೇರಿಸಿಕೊಳ್ಳದೆ ಹೋಗಬಹುದು. ಇವತ್ತು ಒಂದು ಬಾಟಲಿ ಕೊಟ್ಟ ತಮ್ಮ, ನಾಳೆ ತಾನೊಬ್ಬನೇ ಕೊಡಬಹುದಾದದ್ದನ್ನು ಕಳೆದುಕೊಂಡಂತೆ. ಇದನ್ನು ನೆಂಟರಿಗೆ ಮೊದಲ ದಿನವೇ ಕೂರಿಸಿ ಹೇಳಬೇಕು. ಎಷ್ಟೋ ಕಡೆ ಹೇಳುವುದೇ ಇಲ್ಲ, "ಡೋನರ್ ಕರ್ಕೊಂಡ್ ಬನ್ನಿ" ಅಂತಷ್ಟೇ ಚೀಟಿ ಬರೆದು ಕೊಡುತ್ತಾರೆ. ನೆಂಟರು ಬ್ಲಡ್ ಬ್ಯಾಂಕಿಗೆ ಧಾರಾಳವಾಗಿ ಕೊಡಲಿ, ಅದು ಬೇರೆಯವರಿಗೆ ಹೋಗಲಿ. ಈ ರೋಗಿಗೆ ಬಿಳಿ ಕಣ ಸೋಸಿದ, ಇರೇಡಿಯೇಟ್ ಮಾಡಿದ (ವಿಕಿರಣ ಹಾಯಿಸಿದ) ರಕ್ತ ಸಿಗುತ್ತದೆಯೇ ಅಂತ ವೈದ್ಯರನ್ನು ಕೇಳಿ.

ಕಸಿ ಆಗದವರಿಗೆ ರೋಗನಿರೋಧಕ ಕಣಗಳ ದಾಳಿ ತಗ್ಗಿಸುವ ಎಟಿಜಿ, ಸೈಕ್ಲೋಸ್ಪೋರಿನ್, ಮಜ್ಜೆಯನ್ನು ಹುರಿದುಂಬಿಸುವ ಎಲ್ಟ್ರೊಂಬೊಪಾಗ್ ಎಂಬ ಔಷಧಿಗಳಿವೆ. ಎಟಿಜಿಯನ್ನು ಕುದುರೆಯಿಂದ ತಯಾರಿಸುತ್ತಾರೆ ಅಂದರೆ ಯಾರೂ ನಂಬುವುದಿಲ್ಲ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಅಲ್ಲಿಯವರೆಗೆ ಜೀವ ನಿಂತಿರುವುದು ಗುರುತು ಪರಿಚಯ ಇಲ್ಲದವರ ರಕ್ತದ ಮೇಲೆ.

ಅದಕ್ಕೇ ನಮ್ಮ ಶಿಬಿರಗಳ ಬಗ್ಗೆ ನನಗೆ ತಕರಾರು. ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ರಾಶಿ ರಕ್ತ, ಮಿಕ್ಕ ದಿನ ಬರ. ಪ್ಲೇಟ್‌ಲೆಟ್ ಇಟ್ಟರೆ ಬಾಳುವುದು ಐದೇ ದಿನ! ಮಾವಿನ ಕಾಲದಲ್ಲೂ ಟೊಮೆಟೊ ಕಾಲದಲ್ಲೂ ಯಾರಾದರೂ ಕೊಡುತ್ತಲೇ ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ರಕ್ತ ಕೊಡಬಹುದು. ಯಂತ್ರದಲ್ಲಿ ಪ್ಲೇಟ್‌ಲೆಟ್ ಮಾತ್ರ ಕೊಡುವುದಾದರೆ ಇಷ್ಟು ಕಾಯಬೇಕಿಲ್ಲ. ಮಜ್ಜೆ ಕಸಿಗೆ ಸ್ಟೆಮ್ ಸೆಲ್ ಕೊಡುವವರ ಪಟ್ಟಿ ಇಡುವ ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಸಂಸ್ಥೆಗಳ ನೋಂದಣಿಗೆ ಕೆನ್ನೆಯೊಳಗೆ ಹತ್ತಿ ಸವರಿ ಕೊಟ್ಟರೆ ಸಾಕು. ಒಡಹುಟ್ಟಿದವರು ಹೊಂದದವರಿಗೆ ಅಲ್ಲಿಂದಲೇ ದಾನಿ ಸಿಗಬೇಕು.

ಪ್ಲೇಟ್‌ಲೆಟ್ ಕೊಡಲು ಮನಸ್ಸಿರುವವರು ಕಾಮೆಂಟಿನಲ್ಲಿ ರಕ್ತದ ಗುಂಪು ಬರೆಯಿರಿ. ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರಬಾರದು, ಹೊಟ್ಟೆ ತುಂಬ ತಿಂಡಿ ತಿಂದೇ ಬರಬೇಕು.